ನೊಯ್ಯಲ್ ದಂಡೆಯಲ್ಲೊಂದು ಸರ್ವರ್

ತಿರುಪ್ಪೂರಿನ ಬನಿಯನ್ ಒಂದೇ ಸೂರಿನಡಿ ತಯಾರಾಗುವುದು ಅಪರೂಪ. ನೂಲು ಯಾವುದೋ ಗಿರಣಿಯಿಂದ ಬರುತ್ತದೆ. ನಿಟ್ಟಿಂಗ್ ಯಾರದೋ ಶೆಡ್ಡಿನಲ್ಲಿ, ಬಣ್ಣ ಇನ್ನಾರದೋ ಡೈಯಿಂಗ್‌ನಲ್ಲಿ, ಕಾಂಪ್ಯಾಕ್ಟಿಂಗ್ ಮತ್ತೊಂದು ಬೀದಿಯಲ್ಲಿ. ಹೊಲಿಗೆಗೆ ಪವರ್ ಟೇಬಲ್‌ನವರು, ಪ್ರಿಂಟಿಂಗಿಗೆ ಬೇರೆಯವರು, ಚೆಕ್ಕಿಂಗಿಗೆ ಮತ್ತೆ ಬೇರೆ ಕೈಗಳು. ತಂತಮ್ಮ ಶೆಡ್ಡಿನ ಮಟ್ಟಿಗೆ ಎಲ್ಲರೂ ಯಜಮಾನರೇ. ಊರು ಜಾಬ್ ವರ್ಕ್ ಎಂದು ಕರೆಯುವ ಈ ಏರ್ಪಾಡನ್ನು ಹಿಡಿದಿಟ್ಟಿರುವುದು ಎಲ್ಲರೂ ಒಪ್ಪಿದ ಅಳತೆಗಳು: ಬಟ್ಟೆಯ ತೂಕ ಹೇಳುವ ಜಿಎಸ್‌ಎಂ, ಬಣ್ಣದ ಷೇಡ್, ಸೈಜಿನ ಪಟ್ಟಿ. ಅಳತೆ ಕೂಡಿಬಂದರೆ ಯಾರ ಬಟ್ಟೆಯೂ ಯಾರ ಮೇಜಿಗೂ ಹೋಗಬಹುದು.

ಫೆಡಿವರ್ಸ್ ಎಂಬ ಸಾಮಾಜಿಕ ಜಾಲವೂ ಹೀಗೇ ನಡೆಯುತ್ತದೆ. ಅಲ್ಲಿ ಒಂದು ಕಂಪನಿಯ ಒಂದು ದೊಡ್ಡ ಗೋದಾಮಿಲ್ಲ. ಸಾವಿರಾರು ಚಿಕ್ಕಪುಟ್ಟ ಸರ್ವರ್‌ಗಳಿವೆ. ಕೆಲವನ್ನು ಸಂಸ್ಥೆಗಳು ನಡೆಸುತ್ತವೆ, ಕೆಲವನ್ನು ಗೆಳೆಯರ ಗುಂಪುಗಳು, ಇನ್ನು ಕೆಲವನ್ನು ಒಬ್ಬರೇ ತಮ್ಮ ಮನೆಯ ಮೂಲೆಯಲ್ಲಿಟ್ಟ ಯಂತ್ರದಿಂದ. ಅವುಗಳ ನಡುವಿನ ಒಪ್ಪಿತ ಅಳತೆಯ ಹೆಸರು ಆಕ್ಟಿವಿಟಿಪಬ್. ಡಬ್ಲ್ಯು3ಸಿ ಸಂಸ್ಥೆ ಅದನ್ನು 2018ರ ಜನವರಿಯಲ್ಲಿ ಮಾನಕವಾಗಿ ಪ್ರಕಟಿಸಿತು. ಜರ್ಮನಿಯ ಯೂಗನ್ ರೋಶ್ಕೊ 2016ರಲ್ಲಿ ಹೊರತಂದ ಮ್ಯಾಸ್ಟೊಡಾನ್ ಇದರಲ್ಲಿ ಹೆಚ್ಚು ಹೆಸರಾದದ್ದು. ಚಿತ್ರಗಳಿಗೆ ಪಿಕ್ಸೆಲ್‌ಫೆಡ್, ವಿಡಿಯೊಗೆ ಪೀರ್‌ಟ್ಯೂಬ್, ಓದಿದ ಪುಸ್ತಕಗಳ ಮಾತಿಗೆ ಬುಕ್‌ವಿರ್ಮ್ ಇವೆ. ಪಿಕ್ಸೆಲ್‌ಫೆಡ್‌ನಲ್ಲಿ ಒಬ್ಬರು ಹಾಕಿದ ಚಿತ್ರಕ್ಕೆ ಮ್ಯಾಸ್ಟೊಡಾನ್‌ನಲ್ಲಿರುವವರು ತಮ್ಮ ಖಾತೆಯಿಂದಲೇ ಉತ್ತರ ಬರೆಯುತ್ತಾರೆ. ಮೊದಲ ಸಲ ಇದನ್ನು ಕಂಡವರಿಗೆ ಆಗುವ ಬೆರಗು ಬೇಗ ಮಾಸುವಂಥದ್ದಲ್ಲ.

ಆ ಬೆರಗಿನ ಬೆನ್ನು ಹತ್ತಿ ಸರ್ವರ್ ಕಟ್ಟುವ ಹವ್ಯಾಸಕ್ಕೆ ಬಿದ್ದವರು ಊರೂರಲ್ಲಿದ್ದಾರೆ. ಹಗಲಿನ ಕೆಲಸ ಮುಗಿಸಿ, ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತರೆ ಅವರಿಗೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ. ಡೊಮೇನ್ ಹೆಸರು ಆರಿಸುವುದರಲ್ಲೇ ಒಂದು ಸುಖವಿದೆ; ಅದು ಮುಂದೆ ಪ್ರತಿಯೊಬ್ಬ ಸದಸ್ಯರ ವಿಳಾಸದ ಕೊನೆಗೆ ಮನೆತನದ ಹೆಸರಿನ ಹಾಗೆ ಅಂಟಿಕೊಳ್ಳುತ್ತದೆ. ಆಮೇಲೆ ಪೋಸ್ಟ್‌ಗ್ರೆಸ್ ಡೇಟಾಬೇಸ್, ಸಂದೇಶಗಳನ್ನು ಸರದಿಯಲ್ಲಿ ನಿಲ್ಲಿಸಿ ಕಳಿಸುವ ಸೈಡ್‌ಕಿಕ್, ಎಲ್ಲದರ ಮುಂದೆ ಬಾಗಿಲು ಕಾಯುವ ಎನ್‌ಜಿನ್‌ಎಕ್ಸ್. ಮ್ಯಾಸ್ಟೊಡಾನ್ ಭಾರವೆನಿಸಿದರೆ ಗೋಟುಸೋಷಿಯಲ್ ಇದೆ. ಗೋ ಭಾಷೆಯಲ್ಲಿ ಬರೆದ ಈ ಹಗುರ ತಂತ್ರಾಂಶ ಅಂಗೈಯಗಲದ ರಾಸ್ಪ್‌ಬೆರಿ ಪೈ ಮೇಲೂ ಓಡುತ್ತದೆ. ದೂರದ ಒಂದು ಸರ್ವರ್‌ನಿಂದ ಮೊದಲ ಪೋಸ್ಟ್ ಇಳಿದು ಬಂದು ತೆರೆಯ ಮೇಲೆ ಮೂಡುವ ಕ್ಷಣಕ್ಕಾಗಿ ಎಷ್ಟು ರಾತ್ರಿಗಳನ್ನಾದರೂ ಕೊಡಬಹುದು ಎಂಬವರಿದ್ದಾರೆ.

ತಿರುಪ್ಪೂರಿನ ಪಕ್ಕದ ಕೊಯಮತ್ತೂರಿಗೆ ಯಂತ್ರ ಬಿಚ್ಚಿ ಜೋಡಿಸುವ ಈ ಚಪಲ ಹೊಸದೇನಲ್ಲ. ಅಲ್ಲಿನ ಆವಿಷ್ಕಾರಕ ಜಿ.ಡಿ. ನಾಯ್ಡು ಹೋಟೆಲಿನಲ್ಲಿ ದುಡಿದು ಕೂಡಿಟ್ಟ ಹಣದಿಂದ ಬ್ರಿಟಿಷ್ ಅಧಿಕಾರಿಯೊಬ್ಬರ ಮೋಟಾರ್‌ಸೈಕಲ್ ಕೊಂಡು, ಅದನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿಯೇ ಯಂತ್ರವಿದ್ಯೆ ಕಲಿತವರು. ಅದೇ ಊರಿನ ಅರುಣಾಚಲಂ ಮುರುಗಾನಂದಂ ಅಗ್ಗದ ಸ್ಯಾನಿಟರಿ ಪ್ಯಾಡ್ ಯಂತ್ರ ಮಾಡಿದಾಗ ಅದನ್ನು ದೊಡ್ಡ ಕಂಪನಿಗೆ ಮಾರದೆ, ಊರೂರಿನ ಮಹಿಳಾ ಸ್ವಸಹಾಯ ಗುಂಪುಗಳಿಗೆ ಕೊಟ್ಟರು. ಒಂದೊಂದು ಗುಂಪೂ ತನ್ನದೇ ಹೆಸರಿನಲ್ಲಿ ಪ್ಯಾಡ್ ಮಾಡಿ ಮಾರುತ್ತದೆ. ಚಿಕ್ಕ ಘಟಕಗಳು ಹಲವು ಕಡೆ ತಲೆಯೆತ್ತಬೇಕು, ಅವುಗಳ ಕೀಲಿ ಅವರವರ ಕೈಯಲ್ಲೇ ಇರಬೇಕು ಎಂಬ ಯೋಚನೆ ಈ ಸೀಮೆಯಲ್ಲಿ ಮ್ಯಾಸ್ಟೊಡಾನ್‌ಗಿಂತ ಮೊದಲೇ ಬೇರೂರಿತ್ತು.

ಕೀಲಿ ಬೇರೆಯವರ ಕೈಯಲ್ಲಿದ್ದರೆ ಏನಾಗುತ್ತದೆಂದು ಕನ್ನಡಿಗರು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದಾರೆ. ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಹೋಯಿತು. ಬೆಂಗಳೂರಿನಲ್ಲೇ ಹುಟ್ಟಿ, ಮೊದಲಿಗೆ ಕನ್ನಡವನ್ನೇ ಹಿಡಿದು ಬೆಳೆದ ಕೂ ಜಾಲ 2024ರ ಜುಲೈನಲ್ಲಿ ಬಾಗಿಲು ಹಾಕಿತು. ಕನ್ನಡದಲ್ಲಿ ಬರೆಯಲು ಹಿಂಜರಿಯುತ್ತಿದ್ದ ಎಷ್ಟೋ ಮಂದಿಗೆ ಆ ಹಳದಿ ಹಕ್ಕಿ ಧೈರ್ಯ ಕೊಟ್ಟಿತ್ತು. ಅದು ದೊಡ್ಡ ಕೆಲಸ. ಆದರೆ ಕಂಪನಿ ನಿಂತ ದಿನ ಅಷ್ಟೂ ಮಾತು ನಿಂತಿತು. ಅದರ ಕೋಡ್ ಎತ್ತಿಕೊಂಡು ಮೈಸೂರಿನಲ್ಲೋ ಮೆಟ್ಟುಪಾಳ್ಯದಲ್ಲೋ ಮತ್ತೊಬ್ಬರು ಅಲ್ಲಿಂದಲೇ ಮುಂದುವರಿಸುವ ದಾರಿ ಸದಸ್ಯರಿಗೆ ಇರಲಿಲ್ಲ.

ಮ್ಯಾಸ್ಟೊಡಾನ್‌ನಲ್ಲಿ ಆ ದಾರಿಯಿದೆ, ಅದು ಎಜಿಪಿಎಲ್ ಎಂಬ ತೆರೆದ ಪರವಾನಗಿಯಡಿ ಇದೆ. ಯಾರು ಬೇಕಾದರೂ ಕೋಡ್ ತೆಗೆದುಕೊಂಡು ಬದಲಿಸಬಹುದು. ಬದಲಿಸಿದ್ದನ್ನು ಜನರ ಬಳಕೆಗೆ ಬಿಟ್ಟರೆ ಅದರ ಕೋಡನ್ನೂ ಅವರಿಗೆ ತೆರೆದಿಡಬೇಕು. ಡೊನಾಲ್ಡ್ ಟ್ರಂಪ್ ಅವರ ಟ್ರೂತ್ ಸೋಷಿಯಲ್ 2021ರಲ್ಲಿ ಇದೇ ಕೋಡ್ ಬಳಸಿ, ಮೊದಲಿಗೆ ಮೂಲವನ್ನು ಮುಚ್ಚಿಟ್ಟಿತ್ತು. ಮ್ಯಾಸ್ಟೊಡಾನ್ ಪತ್ರ ಬರೆದ ಮೇಲೆ ಅದೇ ನವೆಂಬರ್‌ನಲ್ಲಿ ಕೋಡ್ ಬಿಡುಗಡೆ ಮಾಡಬೇಕಾಯಿತು. ಆಗ ಅಮೆರಿಕದ ಮಾಜಿ ಅಧ್ಯಕ್ಷರಾಗಿದ್ದವರ ಕಂಪನಿಗೂ ಮನೆಯಲ್ಲಿ ಪುಟ್ಟ ಸರ್ವರ್ ಇಟ್ಟವರಿಗೂ ಒಂದೇ ಷರತ್ತು.

ಕೋಡ್ ತೆರೆದಿದ್ದರೆ ಭಾಷೆಗೇನು ಲಾಭ ಎಂಬುದಕ್ಕೆ ಈಗ ಒಂದು ಅಕ್ಷರದ ಮಾತು. ವರನಟ ರಾಜ್‌ಕುಮಾರ್ ಹುಟ್ಟಿದ ಗಾಜನೂರು ತಾಳವಾಡಿ ಸೀಮೆಯದು. ಇಂದು ಈರೋಡ್ ಜಿಲ್ಲೆಯಲ್ಲಿರುವ ಆ ಸೀಮೆ ಆಗ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅವರ ಹೆಸರನ್ನು ಕಂಪ್ಯೂಟರ್‌ನಲ್ಲಿ ನಾವು ಬರೆಯುವಂತೆ ಮೂಡಿಸಲು ಜ್‌ ಮತ್ತು ಕು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಬೇಕು. ಇಲ್ಲದಿದ್ದರೆ ಕ ಅಕ್ಷರ ಜ ಅಕ್ಷರದ ಕೆಳಗೆ ಒತ್ತಾಗಿ ಇಳಿದು ಬಿಡುತ್ತದೆ. ಆ ಗುರುತಿನ ಹೆಸರು ಜೀರೋ ವಿಡ್ತ್ ನಾನ್ ಜಾಯ್ನರ್. ಅಗಲವಿಲ್ಲ, ಆಕಾರವಿಲ್ಲ, ಆದರೂ ಫೇಸ್‌ಬುಕ್‌ನಿಂದ ಬೆಂಗಳೂರ್‌ತನಕ ಕನ್ನಡ ಬರವಣಿಗೆ ಅದಿಲ್ಲದೆ ನಡೆಯದು.

ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟು ಬರೆದ ತಂತ್ರಾಂಶಕ್ಕೆ ಆ ಗುರುತು ಪದ ಮುಗಿದ ಸೂಚನೆಯಂತೆ ಕಾಣುತ್ತದೆ. ಹ್ಯಾಶ್‌ಟ್ಯಾಗ್ ಮಾಡಿದರೆ ರಾಜ್ ಎಂಬಷ್ಟೇ ಕೊಂಡಿಯಾಗಿ, ಕುಮಾರ್ ಹೊರಗೆ ಉಳಿಯುತ್ತದೆ. ಇದು ಸಣ್ಣ ತೊಡಕಲ್ಲ. ಮ್ಯಾಸ್ಟೊಡಾನ್‌ನಲ್ಲಿ ಯಾರಿಗೆ ಏನು ತೋರಿಸಬೇಕೆಂದು ಲೆಕ್ಕ ಹಾಕಿ ಮುಂದೆ ತಳ್ಳುವ ಟೈಮ್‌ಲೈನ್ ಇಲ್ಲ. ಪೋಸ್ಟುಗಳು ಬಂದ ಹೊತ್ತಿನ ಕ್ರಮದಲ್ಲೇ ಕಾಣುತ್ತವೆ. ಅಪರಿಚಿತರು ಒಬ್ಬರನ್ನೊಬ್ಬರು ಕಂಡುಕೊಳ್ಳುವುದು ಬಹುಮಟ್ಟಿಗೆ ಟ್ಯಾಗ್ ಮೂಲಕವೇ. ಟ್ಯಾಗ್ ತುಂಡಾದರೆ ಕನ್ನಡಿಗರು ಕನ್ನಡಿಗರಿಗೆ ಸಿಗುವುದಿಲ್ಲ.

ಅದಕ್ಕಾಗಿ ಮ್ಯಾಸ್ಟೊಡಾನ್ ಕೋಡಿನಲ್ಲಿ ಟ್ಯಾಗ್‌ನ ನಡುವೆ ಬರಬಹುದಾದ ಗುರುತುಗಳ ಪುಟ್ಟ ಸಾಲೊಂದಿದೆ. ಅದರಲ್ಲಿ ಅಂಡರ್‌ಸ್ಕೋರ್ ಇದೆ, ಕ್ಯಾಟಲಾನ್ ಭಾಷೆಗೆ ಬೇಕಾದ ನಡುಚುಕ್ಕೆ ಇದೆ, ಜಪಾನಿಯರ ನಡುಚುಕ್ಕೆ ಇದೆ. ಕನ್ನಡಕ್ಕೂ ಪರ್ಷಿಯನ್‌ಗೂ ಬೇಕಾದ ನಮ್ಮ ಕಾಣದ ಗುರುತೂ ಇದೆ. ಒಂದೊಂದು ಭಾಷೆಗೂ ಸಲ್ಲಬೇಕಾದ ಜಾಗ ಆ ಒಂದೇ ಸಾಲಿನಲ್ಲಿ ಸಿಕ್ಕಿದೆ. ತೆರೆದ ತಂತ್ರಾಂಶವನ್ನು ಸುಧಾರಿಸುವುದೆಂದರೆ ಹೆಚ್ಚಿನ ಸಲ ಇಂಥದೇ ಕೆಲಸ: ತೊಂದರೆಯನ್ನು ಗುರುತಿಸಿ, ಅದು ಮತ್ತೆ ಕಾಣಿಸುವ ಬಗೆಯನ್ನು ಹಂತಹಂತವಾಗಿ ಬರೆದು, ಸಾಧ್ಯವಾದರೆ ಒಂದು ಸಾಲು ತಿದ್ದಿ ಒಪ್ಪಿಸುವುದು. ಕೋಡ್ ಬಾರದವರೂ ಮೊದಲ ಎರಡನ್ನು ಮಾಡಬಹುದು. ಸರಿಯಾಗಿ ವಿವರಿಸಿದ ದೂರು ಅರ್ಧ ದುರಸ್ತಿಗೆ ಸಮ ಎಂದು ಕೋಡ್ ಬರೆಯುವವರೇ ಒಪ್ಪುತ್ತಾರೆ.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಇಂಥ ಜಾಲ ಯಾರಿಗೆ ಬೇಕು ಎಂದು ಕೇಳಿದರೆ ಮೊದಲು ನೆನಪಾಗುವವರು ಮನೆಯಲ್ಲಿ ಕನ್ನಡ ಆಡುವ ದೇವಾಂಗ ನೇಕಾರರು. ಸಿರುಮುಗೈಯ ರೇಷ್ಮೆ ಮಗ್ಗಗಳ ಸುತ್ತ, ಕೊಯಮತ್ತೂರಿನ ರಾಜಬೀದಿಯ ಸೌಡೇಶ್ವರಿ ಅಮ್ಮನ ಗುಡಿಯ ಸುತ್ತ ಈ ಕನ್ನಡ ತಲೆಮಾರುಗಳಿಂದ ಉಳಿದಿದೆ. ವಿಜಯದಶಮಿಗೆ ಅವರು ಕತ್ತಿ ಹಿಡಿದು ಅಮ್ಮನಿಗೆ ಸಲ್ಲಿಸುವ ಸೇವೆಯನ್ನು ಊರೇ ನಿಂತು ನೋಡುತ್ತದೆ. ಶಾಲೆಯ ಭಾಷೆ ತಮಿಳಾದ್ದರಿಂದ ಮನೆಯ ಕನ್ನಡವನ್ನು ತಮಿಳು ಲಿಪಿಯಲ್ಲಿ ಬರೆಯುವವರೇ ಹೆಚ್ಚು.

ದೊಡ್ಡ ಕಂಪನಿಗಳ ಜಾಲಕ್ಕೆ ಇದು ತಮಿಳೋ ಕನ್ನಡವೋ ತಿಳಿಯದು. ಮ್ಯಾಸ್ಟೊಡಾನ್‌ನಲ್ಲಿ ಪ್ರತಿ ಪೋಸ್ಟಿಗೂ ಬರೆದವರೇ ಭಾಷೆ ಸೂಚಿಸಬಹುದು. ಒಬ್ಬರನ್ನು ಹಿಂಬಾಲಿಸುವಾಗ ಅವರ ಕನ್ನಡ ಪೋಸ್ಟುಗಳು ಮಾತ್ರ ಸಾಕು ಎಂದೂ ಹೇಳಬಹುದು. ಬೆಳಿಗ್ಗೆ ತಮಿಳಿನಲ್ಲಿ ನೂಲಿನ ದರದ ಬಗ್ಗೆ, ಸಂಜೆ ಮನೆಮಾತಿನಲ್ಲಿ ಅಜ್ಜಿಯ ಅಡುಗೆಯ ಬಗ್ಗೆ ಬರೆಯುವವರಿಗೆ ಇದು ಹೇಳಿ ಮಾಡಿಸಿದ ಸೌಕರ್ಯ. ಯಾವ ಭಾಷೆಯೆಂದು ನಿರ್ಧರಿಸುವ ಹಕ್ಕು ಆಡುವವರ ಬಳಿಯೇ ಉಳಿಯುವುದು ಈ ಜಾಲದ ಅತ್ಯಂತ ಸೊಗಸಾದ ಗುಣಗಳಲ್ಲೊಂದು.

ಸರ್ವರ್ ನೋಡಿಕೊಳ್ಳುವುದರಲ್ಲಿ ಬೇಸರದ ಕೆಲಸಗಳೂ ಇವೆ, ಅವಕ್ಕೂ ರುಚಿಯಿದೆ. ಬೇರೆ ಸರ್ವರ್‌ಗಳಿಂದ ಬಂದ ಚಿತ್ರಗಳ ನಕಲು ಡಿಸ್ಕನ್ನು ತುಂಬುತ್ತಲೇ ಇರುತ್ತದೆ. ಟೂಟ್‌ಸಿಟಿಎಲ್ ಎಂಬ ಉಪಕರಣದಿಂದ ಹಳೆಯವನ್ನು ಗುಡಿಸಬೇಕು. ಸಬ್‌ಸ್ಟೇಷನ್ ನಿರ್ವಹಣೆಗೆಂದು ಬೆಳಿಗ್ಗೆಯಿಂದ ಸಂಜೆಯವರೆಗೆ ಕರೆಂಟ್ ಹೋಗುವ ದಿನ ಮನೆಯ ಸರ್ವರ್ ಮಲಗಿರುತ್ತದೆ. ಕಳಿಸುವ ಸರ್ವರ್‌ಗಳು ಅಷ್ಟಕ್ಕೇ ಕೈಬಿಡುವುದಿಲ್ಲ. ಬಿಡುವು ಹೆಚ್ಚಿಸುತ್ತಾ ಮತ್ತೆ ಮತ್ತೆ ಬಾಗಿಲು ತಟ್ಟುತ್ತವೆ. ಕರೆಂಟ್ ಬಂದ ಮೇಲೆ ಬಾಕಿ ಮಾತುಗಳು ಒಂದರ ಹಿಂದೊಂದು ಬಂದು ಸೇರುತ್ತವೆ.

ಕಷ್ಟದ ಕೆಲಸ ಬೇರೆ: ಯಾರನ್ನು ಒಳಗೆ ಬಿಡಬೇಕು, ಯಾರಿಗೆ ಬಾಗಿಲು ಹಾಕಬೇಕು ಎಂಬುದು. ತಿರುಪ್ಪೂರಿನ ಡೈಯಿಂಗ್ ಘಟಕಗಳ ನೀರು ನೊಯ್ಯಲ್ ನದಿಯನ್ನು ಕೆಡಿಸಿದಾಗ 2011ರಲ್ಲಿ ಮದ್ರಾಸ್ ಹೈಕೋರ್ಟ್ ನೂರಾರು ಘಟಕಗಳನ್ನು ಮುಚ್ಚಿಸಬೇಕಾಯಿತು. ಸ್ವತಂತ್ರ ಘಟಕಗಳ ಏರ್ಪಾಡಿನಲ್ಲೂ ಹರಿಯುವ ನೀರು ಎಲ್ಲರದೂ. ಫೆಡಿವರ್ಸ್‌ನಲ್ಲಿ ಅಂಥ ನ್ಯಾಯಾಲಯವಿಲ್ಲ, ಒಂದೊಂದು ಸರ್ವರ್‌ನವರೂ ತಾವೇ ತೀರ್ಮಾನಿಸುತ್ತಾರೆ. ದ್ವೇಷದ ಮಾತಿಗೆ ಹೆಸರಾದ ಗ್ಯಾಬ್ 2019ರ ಜುಲೈನಲ್ಲಿ ಮ್ಯಾಸ್ಟೊಡಾನ್ ಕೋಡಿಗೆ ಬದಲಾದಾಗ ಹಲವಾರು ಸರ್ವರ್‌ಗಳು ತಂತಮ್ಮ ಬಾಗಿಲನ್ನು ಅದಕ್ಕೆ ಮುಚ್ಚಿದವು. ಆ್ಯಪ್ ಮಾಡುವವರಲ್ಲೂ ಕೆಲವರು ಅದನ್ನು ತಡೆದರು. ಕೋಡ್ ಬಳಸುವ ಸ್ವಾತಂತ್ರ್ಯ ಗ್ಯಾಬ್‌ಗೆ ಇತ್ತು, ಕೇಳಿಸಿಕೊಳ್ಳದಿರುವ ಸ್ವಾತಂತ್ರ್ಯ ಉಳಿದವರಿಗಿತ್ತು.

ಅದೇ ವರ್ಷದ ನವೆಂಬರ್‌ನಲ್ಲಿ ಮ್ಯಾಸ್ಟೊಡಾನ್‌ಗೆ ಬರುವ ಸರದಿ ಭಾರತೀಯರದಾಯಿತು. ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾಗಿತ್ತು. ನಾಜಿ ಜರ್ಮನಿಯಲ್ಲಿ ನೆರೆದವರೆಲ್ಲರೂ ಕೈಯೆತ್ತಿ ನಮಸ್ಕರಿಸುವಾಗ ಒಬ್ಬನೇ ಕೈಕಟ್ಟಿ ನಿಂತ ಪ್ರಸಿದ್ಧ ಛಾಯಾಚಿತ್ರ ಅವರ ಪುಟದಲ್ಲಿತ್ತು. ಪ್ರತಿಭಟಿಸಿ ಸಾವಿರಾರು ಭಾರತೀಯರು ಮ್ಯಾಸ್ಟೊಡಾನ್‌ಗೆ ಬಂದರು, ಹೆಚ್ಚಿನವರು ಕೆಲವೇ ವಾರಗಳಲ್ಲಿ ಮರಳಿದರು. 2022ರ ಕೊನೆಯಲ್ಲಿ ಎಲಾನ್ ಮಸ್ಕ್ ಟ್ವಿಟರ್ ಕೊಂಡಾಗ ಬಂದ ಅಲೆ ಇನ್ನೂ ದೊಡ್ಡದು, ಇಳಿತ ಅದಕ್ಕೂ ತಪ್ಪಲಿಲ್ಲ. ಉಳಿದವರನ್ನು ನೋಡಿದರೆ ಕಾರಣ ಕಾಣುತ್ತದೆ: ಪರಿಚಿತರು ಇದ್ದ ಸರ್ವರ್‌ಗೆ, ಅಥವಾ ತಮ್ಮ ಆಸಕ್ತಿಯದ್ದೇ ಚಿಕ್ಕ ಸರ್ವರ್‌ಗೆ ಬಂದವರು ನೆಲೆನಿಂತರು. ಭಾರತದ ಸ್ವತಂತ್ರ ತಂತ್ರಾಂಶ ಬಳಗದವರು ಪಾಡರಿ ಎಂಬ ತಾಣದಲ್ಲಿ ಡಯಾಸ್ಪೊರಾ ಜಾಲವನ್ನೂ ಮ್ಯಾಟ್ರಿಕ್ಸ್ ಸಂದೇಶ ಸೇವೆಯನ್ನೂ ದೇಣಿಗೆಯ ಹಣದಿಂದ ನಡೆಸಿಕೊಂಡು ಬಂದದ್ದು ಅಂಥ ಪರಿಚಯದ ಬಲದಿಂದಲೇ.

ಹಾಗಾಗಿ ಕೊಯಮತ್ತೂರಿನಲ್ಲೊಂದು ಕನ್ನಡ ಸರ್ವರ್ ಕಟ್ಟುವುದಾದರೆ ಅದಕ್ಕೆ ನೂರು ಕುಟುಂಬಗಳು ಧಾರಾಳ. ನವರಾತ್ರಿ ಬಂತೆಂದರೆ ರಾಜಬೀದಿಯ ಮೆರವಣಿಗೆಯ ಚಿತ್ರಗಳು ಬರುತ್ತವೆ. ಪ್ರತಿ ಚಿತ್ರಕ್ಕೂ ಕಣ್ಣು ಕಾಣದವರಿಗಾಗಿ ಮನೆಮಾತಿನಲ್ಲೇ ಎರಡು ಸಾಲಿನ ವಿವರಣೆ ಬರೆಯುವ ರೂಢಿಯನ್ನು ಮೊದಲ ದಿನದಿಂದಲೇ ಹಾಕಬೇಕು. ಬೆಂಗಳೂರಿನಲ್ಲಿ, ಸಿಂಗಪುರದಲ್ಲಿ ಇರುವ ನೆಂಟರು ಬೇರೆ ಸರ್ವರ್‌ಗಳಿಂದಲೇ ಅದನ್ನು ನೋಡಿ ಉತ್ತರಿಸುತ್ತಾರೆ. ಮ್ಯಾಸ್ಟೊಡಾನ್‌ನ ಗುಂಡಿಗಳನ್ನೂ ಸೂಚನೆಗಳನ್ನೂ ಕ್ರೌಡಿನ್ ತಾಣದಲ್ಲಿ ಸ್ವಯಂಸೇವಕರು ಕನ್ನಡಕ್ಕೆ ತರುತ್ತಾರೆ, ಖಾತೆ ತೆರೆದು ಯಾರೂ ಸೇರಬಹುದು. ಹಳ್ಳಿಯಿಂದ ಬಂದ ಅತ್ತೆಗೆ ಅರ್ಥವಾಗುವ ಮಾತು ಯಾವುದೆಂದು ತಿಳಿದವರು ಅಲ್ಲಿ ಬೇಕು. ಬಾಕಿ ಉಳಿದ ವಾಕ್ಯಗಳು ಒಂದು ಭಾನುವಾರದ ಮಧ್ಯಾಹ್ನಕ್ಕೆ ಇಷ್ಟಿಷ್ಟೆಂದು ಹಂಚಿಕೊಳ್ಳಲು ಆಗುವಂಥವು, ತಿದ್ದಿದ್ದು ಮುಂದಿನ ಆವೃತ್ತಿಯಲ್ಲಿ ಜಗತ್ತಿನ ಎಲ್ಲ ಮ್ಯಾಸ್ಟೊಡಾನ್ ಸರ್ವರ್‌ಗಳಿಗೂ ಹೋಗುತ್ತದೆ.