ನಲವತ್ತೊಂಬತ್ತು ನಿಮಿಷ

ಆ ಫೋಟೊ ಚೆನ್ನಾಗಿ ಬಂದಿದೆ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೆಟ್ಟದಾಗಿ ಬಂದಿದ್ದರೆ ಇದನ್ನು ಬರೆಯುತ್ತಲೇ ಇರಲಿಲ್ಲವೇನೋ ಎಂಬ ಅನುಮಾನ ನನಗೇ ಇದೆ. ಭೀಮಾ ದಂಡೆಯ ಒಂದು ಟಿಟ್ಟಿಭ, ಬಿಳಿ ಹೊಟ್ಟೆಯಿಂದ ತೊಟ್ಟಿಕ್ಕುವ ನೀರು, ಕಾಲ ಬುಡದಲ್ಲಿ ನಾಲ್ಕು ಮೊಟ್ಟೆ. ನೋಡಿದವರೆಲ್ಲ ಕೇಳುವುದು ಒಂದೇ: ಅಂಥ ಬಿಸಿಲಲ್ಲಿ ಇಷ್ಟು ಹದವಾದ ಬೆಳಕು ಹೇಗೆ ಸಿಕ್ಕಿತು? ಕಾದೆ, ಅನ್ನುತ್ತೇನೆ. ಅದೇನೋ ಸುಳ್ಳಲ್ಲ.

ಮೇ ತಿಂಗಳ ಎರಡನೇ ವಾರ. ಆಳಂದ, ಅಫಜಲಪುರ, ಜೇವರ್ಗಿ ಅಂತ ಮೂರು ದಿನದ ತಿರುಗಾಟ. ಕಲಬುರಗಿ ಸೀಮೆಯಲ್ಲಿ ಸೂರ್ಯ ಸರಿಯಾಗಿ ನೆತ್ತಿಗೆ ಬರುವುದು ಆ ದಿನಗಳ ಆಸುಪಾಸಿನಲ್ಲೇ. ಮಧ್ಯಾಹ್ನ 12:20ರ ಹೊತ್ತಿಗೆ ನಮ್ಮ ನೆರಳು ನಮ್ಮ ಕಾಲಡಿಗೇ ಬಂದು ಕೂತಿರುತ್ತದೆ. ಹಕ್ಕಿಯ ಬೆನ್ನು ಸುಣ್ಣ, ಹೊಟ್ಟೆ ಮಸಿ. ಅದರ ಮೇಲೆ ಆಳಂದದ ಎರಿ ಹೊಲ ಬೇರೆ. ಕ್ಯಾಮೆರಾ ಕಪ್ಪು ಮಣ್ಣು ನೋಡಿ ಕತ್ತಲಾಯಿತು ಅಂದುಕೊಂಡು ಬೆಳಕು ಏರಿಸುತ್ತದೆ, ಹೊಲದಲ್ಲಿ ನಿಂತ ಬೆಳ್ಳಕ್ಕಿ ಗರಿಯೇ ಇಲ್ಲದ ಬಿಳಿ ಚೀಟಿಯಾಗುತ್ತದೆ. ಬೆಳಕು ಇಳಿಸಬೇಕೆಂದು ಗೊತ್ತಿದ್ದೂ ಅಮರ್ಜಾ ಜಲಾಶಯದ ಹತ್ತಿರ ಮೊದಲ ಬೆಳಿಗ್ಗೆಯಿಡೀ ಹಾಳುಮಾಡಿಕೊಂಡೆ. ಮರುದಿನಕ್ಕೆ ಆ ಸಿಟ್ಟು ಇತ್ತು. ಸಿಟ್ಟಿನ ಮೇಲೆ ಹಾಕಿದರೆ ನನಗೆ ಹಗುರ, ಆದರೂ ಅದೊಂದೇ ಅಲ್ಲ.

ಅಮರ್ಜಾ ಹರಿದು ಗಾಣಗಾಪುರದ ಸಂಗಮದಲ್ಲಿ ಭೀಮೆಗೆ ಸೇರುತ್ತದೆ. ಅಲ್ಲಿಂದ ಸ್ವಲ್ಪ ಆಚೆ, ದತ್ತನ ಭಕ್ತರ ಗದ್ದಲ ಮುಟ್ಟದ ಕಡೆ, ಉಸುಕಿನ ದಂಡೆಯ ಮೇಲೆ ಟಿಟ್ಟಿಭ ಎದ್ದು ಬಾಯಿ ಮಾಡಿತು. ಹರಳುಗಳ ನಡುವೆ ಹರಳಿನಂತೆಯೇ ನಾಲ್ಕು ಮೊಟ್ಟೆ. ಇಲ್ಲಿ ಬೆಳಕು ಬೇರೆಯೇ ಆಟ ಆಡುತ್ತಿತ್ತು. ಬಿಳಿ ಉಸುಕು ಬಿಸಿಲನ್ನು ಕೆಳಗಿನಿಂದ ವಾಪಸು ಎಸೆಯುತ್ತದೆ, ಹೊಟ್ಟೆಯ ನೆರಳು ತುಂಬಿಕೊಳ್ಳುತ್ತದೆ. ನಡು ಮಧ್ಯಾಹ್ನವೂ ಚಿತ್ರ ಸಿಗುವ ಜಾಗ. ದೂರದಿಂದ ತೆಗೆದರೆ ಮಾತ್ರ ಬಿಸಿಲ್ಗುದುರೆಯಲ್ಲಿ ಎಲ್ಲ ಕರಗಿ ಹೋಗುತ್ತದೆ, ಎಷ್ಟು ದೊಡ್ಡ ಲೆನ್ಸ್ ಇದ್ದರೂ ಅಷ್ಟೇ. ಹತ್ತಿರ ಹೋಗದೆ ಗತಿಯಿಲ್ಲ. ಇದು ನಿಜ, ಮತ್ತು ನನ್ನ ನೆಪವೂ ಇದೇ.

ಗೊತ್ತಿಲ್ಲದೆ ಮಾಡಿದ್ದಲ್ಲ ಅನ್ನುವುದೇ ಇಲ್ಲಿ ಕಷ್ಟದ ಸಂಗತಿ. ಬೇಸಿಗೆಯಲ್ಲಿ ಟಿಟ್ಟಿಭ ಮೊಟ್ಟೆಗೆ ಕಾವು ಕೊಡುವುದಕ್ಕಿಂತ ಹೆಚ್ಚಾಗಿ ತಂಪು ಕೊಡುತ್ತದೆ. ಮೈಯಿಂದ ನೆರಳು ಮಾಡುತ್ತದೆ, ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಕೂಡುತ್ತದೆ. ಇದನ್ನು ನಾನು ಓದಿದ್ದೆ. ಓದಿದ್ದರಿಂದಲೇ ಅಲ್ಲಿ ನಿಂತೆ. ಆ ಒದ್ದೆ ಹೊಟ್ಟೆ ನನಗೆ ಬೇಕಿತ್ತು.

ಹಕ್ಕಿ ನೀರಿಗೆ ಹೋಯಿತು, ನೆನೆದು ಓಡಿ ಬಂತು, ಹತ್ತು ಹೆಜ್ಜೆ ಇರುವಾಗ ನನ್ನನ್ನು ನೋಡಿ ನಿಂತಿತು. ಹೊಟ್ಟೆಯಿಂದ ಹನಿ ಬಿದ್ದು ಉಸುಕಿನ ಮೇಲೆ ಕಪ್ಪು ಚುಕ್ಕೆಗಳಾದವು. ನೋಡುತ್ತಿದ್ದಂತೆ ಆರಿದವು. ಅದು ಮತ್ತೆ ನೀರಿಗೆ ಹೋಯಿತು. ಮತ್ತೆ ಬಂತು, ಮತ್ತೆ ನಿಂತಿತು, ಮತ್ತೆ ಚುಕ್ಕೆ. ಜೊತೆಯದು ತಲೆಯ ಮೇಲೆ ಸುತ್ತುತ್ತ ಚೀರುತ್ತಲೇ ಇತ್ತು.

ಕುರಿ ಕಾಯುವ ಅಜ್ಜ ಒಬ್ಬ ಬಂದ. "ಏನ್ ಮಾಡ್ಲತ್ತೀರಿ ಸರ?"

"ಫೋಟೊ ಅಜ್ಜಾ, ಹಕ್ಕಿದು."

"ನೀವ್ ನಿಂತ್ರ ಅದು ಕೂಡಂಗಿಲ್ರಿ. ತತ್ತಿ ಬೇಯ್ತಾವ."

"ಹತ್ತೇ ನಿಮಿಷ," ಅಂದೆ. ಅಜ್ಜ ಇನ್ನೇನೂ ಹೇಳಲಿಲ್ಲ, ಕುರಿ ಹೊಡೆದುಕೊಂಡು ಹೋದ. ಅವನು ಜಗಳವಾಡಿದ್ದರೆ ನಾನು ಎದ್ದು ಹೋಗುತ್ತಿದ್ದೆ ಅಂತ ಬಹಳ ದಿನ ನಂಬಿದ್ದೆ. ಈಗ ಅನ್ನಿಸುತ್ತದೆ, ಜಗಳವಾಡಿದ್ದರೆ ಈ ಕಥೆಯಲ್ಲಿ ಅವನನ್ನೇ ಕೆಟ್ಟವನನ್ನಾಗಿ ಮಾಡಿರುತ್ತಿದ್ದೆ.

ಮೂರನೆಯ ಸಲ ಹಕ್ಕಿ ನಿಲ್ಲಲಿಲ್ಲ. ನನ್ನ ಹೆದರಿಕೆ ಹೋಗಿತ್ತೋ, ಮೊಟ್ಟೆಯ ಚಿಂತೆ ಅದಕ್ಕಿಂತ ದೊಡ್ಡದಾಯಿತೋ, ನೇರವಾಗಿ ಬಂದು ನಿಂತು ಮೈ ಇಳಿಸಿತು. ಶಟರ್ ಒತ್ತಿದೆ. ಖುಷಿಯಾಯಿತು. ಅದನ್ನು ಬಿಟ್ಟು ಹೇಳಿದರೆ ಇದೂ ಇನ್ನೊಂದು ಸುಳ್ಳಾಗುತ್ತದೆ: ಬಹಳ ಖುಷಿಯಾಯಿತು.

ಹತ್ತು ನಿಮಿಷವೆಂದೇ ಎಲ್ಲರಿಗೂ ಹೇಳುತ್ತಿದ್ದೆ, ನಾನೂ ನಂಬಿದ್ದೆ. ಫೈಲುಗಳ ಸಮಯ ಬೇರೆ ಹೇಳುತ್ತದೆ. ಮೊದಲ ಫ್ರೇಮ್ 11:42, ಕೊನೆಯದು 12:31. ಇದೇ ನಾನು ಶಾಲೆ ಮಕ್ಕಳಿಗೆ ಚಿತ್ರ ತೋರಿಸಲು ಹೋದಾಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮಾತೆತ್ತುತ್ತೇನೆ. ಅದರಲ್ಲಿ 'ಬೇಟೆ' ಅನ್ನುವ ಪದದೊಳಗೆ ಗೂಡು, ಮೊಟ್ಟೆಗಳಿಗೆ ತೊಂದರೆ ಕೊಡುವುದೂ ಸೇರಿದೆ ಅಂದಾಗ ಮಕ್ಕಳು ಬೆರಗಾಗುತ್ತಾರೆ. ಆ ಬೆರಗಿನ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಚೆನ್ನಾಗಿ ಹಿಡಿಸುತ್ತದೆ ಅಂತ. ಮುಂದಿನ ಚಿತ್ರವೇ ಈ ಟಿಟ್ಟಿಭ.

ಇದನ್ನು ಬರೆಯುವಾಗಲೂ ಉಸುಕಿನ ಮೇಲಿನ ಚುಕ್ಕೆಗಳು ಎಲ್ಲಿ ಬಂದರೆ ಚೆಂದ ಅಂತ ಎರಡು ಸಲ ಜಾಗ ಬದಲಿಸಿದೆ. ಚಟ ಬಿಟ್ಟಿಲ್ಲ.

ಮೂರನೆಯ ದಿನ ಜೇವರ್ಗಿಯ ದಾರಿಯಲ್ಲಿ ಕಟ್ಟಿಸಂಗಾವಿ ಸೇತುವೆಯ ಹತ್ತಿರ ಸಂಜೆಯ ಬೆಳಕು ಬಲು ಸೊಗಸಾಗಿತ್ತು, ಯಾರಿಗೂ ತೊಂದರೆ ಕೊಡದೆ ಬೇಕಾದಷ್ಟು ತೆಗೆದೆ. ಒಂದೂ ನೆನಪಿಲ್ಲ.

ಟಿಟ್ಟಿಭದ ಮೊಟ್ಟೆ ಮರಿಯಾಗಲು ಸುಮಾರು ನಾಲ್ಕು ವಾರ ಬೇಕು. ಹೋಗಿ ನೋಡಬಹುದಿತ್ತು. ಆ ನಾಲ್ಕು ವಾರದಲ್ಲೇ ಎರಡು ಸಲ ಅಫಜಲಪುರದ ಮೇಲೆ ಹಾದು ಹೋಗಿದ್ದೆ, ಗಾಣಗಾಪುರದ ಕಡೆ ತಿರುಗಲಿಲ್ಲ. ಒಂದು ಸಲ ಹೊತ್ತಾಗಿತ್ತು. ಇನ್ನೊಂದು ಸಲ ಹೊತ್ತು ಇತ್ತು.