ತಿಕೋಟಾ–ಬಬಲೇಶ್ವರದ ದಾರಿಯಲ್ಲಿ ಚುನಾವಣೆಯ ಪಂಥ

ವಿಜಯಪುರಕ್ಕೆ ಬಂದ ಪ್ರವಾಸಿಗನನ್ನು ಊರಿನವರು ಮೊದಲು ಕರೆದೊಯ್ಯುವುದು ಗೋಲಗುಮ್ಮಟಕ್ಕೆ. ಮೇಲಣ ಸುತ್ತುಮೊಗಸಾಲೆಯಲ್ಲಿ ಒಬ್ಬನು ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯವನಿಗೆ ಕೇಳಿಸುತ್ತದೆ. ಒಂದು ಚಪ್ಪಾಳೆ ಹಲವಾಗಿ ಮರಳುತ್ತದೆ. ಚುನಾವಣೆಯ ದಿನಗಳಲ್ಲಿ ಈ ವಿದ್ಯೆಯು ಗುಮ್ಮಟವನ್ನು ಬಿಟ್ಟು ಗಾಂಧಿ ಚೌಕದ ಚಹದ ಅಂಗಡಿಗಳಿಗೆ ಇಳಿದು ಬರುವುದೋ ಏನೋ! ಮುಂಜಾನೆ ಒಬ್ಬನಾಡಿದ ಮಾತು ಸಂಜೆಗೆ ಏಳು ಬಾಯಿಗಳಿಂದ ಮರಳಿ ಬಂದು ಏಳು ಸಾಕ್ಷಿಗಳಂತೆ ತೋರುತ್ತದೆ. ಪಂಥ ಕಟ್ಟುವವನು ಮೊದಲು ಮುಗ್ಗರಿಸುವುದು ಇಲ್ಲಿಯೇ.

ನಗರದಲ್ಲಿ ಪಂಥದ ಪ್ರಶ್ನೆ ಸರಳವಾದುದು: "ಕಾಕಾ, ಯಾರು ಬರ್ತಾರ?" ವಿಜಯಪುರ ನಗರ ಕ್ಷೇತ್ರವು 2008, 2013, 2018ರ ಮೂರು ಚುನಾವಣೆಗಳಲ್ಲಿ ಮೂವರು ಬೇರೆ ಬೇರೆ ಶಾಸಕರನ್ನು ಆರಿಸಿತು. ಆದುದರಿಂದ ಗೆಲ್ಲುವವರಾರೆಂಬುದರ ಮೇಲೆಯೇ ಬಾಜಿ ನಿಲ್ಲುವುದು ಸಹಜ. ಆದರೆ ಅಥಣಿಯ ರಸ್ತೆ ಹಿಡಿದು ತಿಕೋಟಾ ತಲುಪುವ ಹೊತ್ತಿಗೆ ಪ್ರಶ್ನೆಯೇ ಬದಲಾಗಿರುತ್ತದೆ.

"ಲೀಡ್ ಎಷ್ಟ ಹೇಳ್ರಿ?"

ಈ ಬದಲಾವಣೆಗೆ ಕಾರಣವುಂಟು. ಹಿಂದೆ ತಿಕೋಟಾ ಎಂಬ ಹೆಸರಿನ ವಿಧಾನಸಭಾ ಕ್ಷೇತ್ರವಿದ್ದಿತು. 2008ರ ಪುನರ್ವಿಂಗಡಣೆಯಿಂದ ಅದರ ಸ್ಥಾನದಲ್ಲಿ ಬಬಲೇಶ್ವರ ಕ್ಷೇತ್ರ ಬಂದಿತು. ಅಂದಿನಿಂದ 2023ರವರೆಗೆ ನಾಲ್ಕು ಬಾರಿಯೂ ಇಲ್ಲಿ ಆರಿಸಿ ಬಂದವರು ಎಂ. ಬಿ. ಪಾಟೀಲರು. 2013, 2018, 2023ರಲ್ಲಿ ಅವರಿಗೆ ಎದುರಾಳಿಯಾಗಿ ನಿಂತವರು ವಿಜುಗೌಡ ಪಾಟೀಲರೇ. ಗೆದ್ದವರು ಒಬ್ಬರೇ ಆದರೂ ಅಂತರ ಮಾತ್ರ ನಿಂತಲ್ಲಿ ನಿಲ್ಲಲಿಲ್ಲ: 2013ರಲ್ಲಿ ಸುಮಾರು 4 ಸಾವಿರ, 2018ರಲ್ಲಿ 30 ಸಾವಿರದ ಸಮೀಪ, 2023ರಲ್ಲಿ ಮತ್ತೆ ಇಳಿದು 15 ಸಾವಿರದ ಆಸುಪಾಸು. ಹೀಗೆ ಏರಿಳಿಯುವ ಅಂಕಿ ಎಲ್ಲಿದೆಯೋ ಅಲ್ಲಿ ಪಂಥಕ್ಕೆ ಜಾಗವಿದೆ.

ತಿಕೋಟಾ ದ್ರಾಕ್ಷಿಯ ನಾಡು. ಬೇಸಿಗೆಯಲ್ಲಿ ಶೆಡ್ಡುಗಳೊಳಗೆ ಸಾಲುಸಾಲಾಗಿ ಹರಡಿದ ಹಣ್ಣು ಒಣಗಿ ಒಣದ್ರಾಕ್ಷಿಯಾಗುತ್ತದೆ. ಈ ಮಾಲು ಮಾರಿ ಕೈಗೆ ಹಣ ಬರುವ ಕಾಲವೂ ಮತ ಎಣಿಸುವ ಮೇ ತಿಂಗಳೂ ಒಂದನ್ನೊಂದು ತಾಗುತ್ತವೆ. ಔಷಧಿಯಂಗಡಿಯ ಬಾಕಿ, ಬ್ಯಾಂಕಿನ ಸಾಲ, ಮಗಳ ಮದುವೆ – ಇವೆಲ್ಲವುಗಳಿಗೆಂದು ಎತ್ತಿಟ್ಟ ಹಣವೇ ಹಲವೊಮ್ಮೆ ಪಂಥಕ್ಕೂ ಇಳಿಯುತ್ತದೆ. ಮನೆಯೊಡತಿಗೆ ಇದು ತಿಳಿಯುವುದು ಎಣಿಕೆಯ ತರುವಾಯ; ಗೆದ್ದರಂತೂ ತಿಳಿಯುವುದೇ ಇಲ್ಲ!

ಇನ್ನು ಚತುರರ ಲೆಕ್ಕವನ್ನು ನೋಡಬೇಕು. ಬಲವುಳ್ಳ ಪಕ್ಷದ ಕಡೆಗೆ ಮೂರಕ್ಕೆ ಒಂದರಂತೆ ಕಟ್ಟುವವನು 10 ಸಾವಿರ ಗಳಿಸಲು 30 ಸಾವಿರ ಇಡಬೇಕು. ನಾಲ್ಕು ಪಂಥಗಳಲ್ಲಿ ಮೂರನ್ನು ಗೆದ್ದರೂ ಅವನಿಗೆ ಉಳಿಯುವುದು ಸೊನ್ನೆ. ಪಳಗಿದವನು ಇದಕ್ಕೆ ವಿರುದ್ಧವಾಗಿ ನಡೆಯುತ್ತಾನೆ. ದುರ್ಬಲನೆನಿಸಿಕೊಂಡವನ ಮೇಲೆ ಮೊದಲೇ 10 ಸಾವಿರ ಇಟ್ಟು 30 ಸಾವಿರಕ್ಕೆ ಮಾತು ಮಾಡಿಕೊಳ್ಳುತ್ತಾನೆ. ಪ್ರಚಾರ ಕಾವೇರಿ ಪಂಥವು ಸಮಸಮಕ್ಕೆ ಬಂದ ದಿನ ಬಲಶಾಲಿಯ ಮೇಲೆ 20 ಸಾವಿರ ಕಟ್ಟುತ್ತಾನೆ. ಆಮೇಲೆ ಯಾರೇ ಗೆಲ್ಲಲಿ, ಅವನಿಗೆ 10 ಸಾವಿರ ಬಂದಂತೆಯೇ. ಗಾಳಿ ತಿರುಗದಿದ್ದರೆ ಮಾತ್ರ ಮೊದಲಿನ ಹಣದ ಆಸೆ ಬಿಡಬೇಕು.

ಕೇಳಲು ಇದು ಬೀಗ ಹಾಕಿದ ಪೆಟ್ಟಿಗೆಯಷ್ಟು ಭದ್ರ. ಆದರೆ ಬೀಗದ ಕೈ ಬೇರೊಬ್ಬನ ಬಳಿ ಇರುತ್ತದೆ. ದುರ್ಬಲನು ಗೆದ್ದು, 30 ಸಾವಿರ ಕೊಡಬೇಕಾದವನು ಊರು ಬಿಟ್ಟನೆಂದರೆ, ನಮ್ಮ ಚತುರನು 20 ಸಾವಿರವನ್ನು ಕೈಯಿಂದ ತೆರಬೇಕು. ನ್ಯಾಯಾಲಯಕ್ಕೆ ಹೋಗುವಂತಿಲ್ಲ, 1872ರ ಕರಾರು ಕಾಯಿದೆಯ 30ನೆಯ ಕಲಮಿನಂತೆ ಪಂಥದ ಒಪ್ಪಂದವೇ ಅಸಿಂಧು. ಬಾಂಡ್ ಕಾಗದದ ಮೇಲೆ ಸಹಿ ಮಾಡಿಸಿದರೂ ಅಷ್ಟೆ. ಪೊಲೀಸರ ಮುಂದೆ ದೂರಿದರೆ 1963ರ ಕರ್ನಾಟಕ ಪೊಲೀಸ್ ಕಾಯಿದೆಯಲ್ಲಿ ಜೂಜಿಗಿರುವ ಶಿಕ್ಷೆ ದೂರಿದವನನ್ನೇ ಹುಡುಕಿಕೊಂಡು ಬಂದೀತು.

ತಿಕೋಟಾದಿಂದ ಬಬಲೇಶ್ವರಕ್ಕೆ ಬಂದರೆ ಲೆಕ್ಕ ಇನ್ನೂ ಸೂಕ್ಷ್ಮವಾಗುತ್ತದೆ. ಮತದಾನ ಮುಗಿದೊಡನೆ ಮತಗಟ್ಟೆಯ ಏಜೆಂಟರಿಗೆ 17-ಸಿ ನಮೂನೆ ದೊರೆಯುತ್ತದೆ. ಬಿದ್ದ ಮತಗಳೆಷ್ಟೆಂಬುದು ಅದರಲ್ಲಿ ಇರುತ್ತದೆ, ಬಿದ್ದದ್ದು ಯಾರಿಗೆಂಬುದು ಇರುವುದಿಲ್ಲ. ಆ ತೆರಪನ್ನು ಪ್ರತಿಯೊಬ್ಬನೂ ತನ್ನ ಓಣಿಯ, ತನ್ನ ಬಳಗದ ತಿಳಿವಿನಿಂದ ತುಂಬುತ್ತಾನೆ. ತನ್ನ ಊರಿನ ಮಟ್ಟಿಗೆ ಅವನ ಎಣಿಕೆ ಬಹುತೇಕ ಸರಿಯಾಗಿರಬಹುದು; ಕಾಣದ ಊರುಗಳಿಗೂ ಅದೇ ಅಳತೆಯನ್ನು ಹಿಡಿದಾಗ ಸಾವಿರಗಳು ಅತ್ತಿತ್ತ ಹೋಗುತ್ತವೆ. ಇದಲ್ಲದೆ, ಪಂಥದ ದರವನ್ನೇ ಪ್ರಚಾರಕ್ಕೆ ಬಳಸುವ ಜಾಣರೂ ಉಂಟು. ತಮ್ಮವನ ಮೇಲೆ ಬಹಿರಂಗವಾಗಿ ದೊಡ್ಡ ಮೊತ್ತ ಕೂಗಿದರೆ ಅನುಮಾನದಲ್ಲಿದ್ದ ಮತದಾರನು ಗೆಲ್ಲುವ ಕಡೆಗೆ ವಾಲಿಯಾನೆಂಬುದು ಅವರ ಎಣಿಕೆ. ಅಂಥ ದರವನ್ನು ನಂಬಿ ಹಣ ಇಡುವವನು ಜಾಹೀರಾತಿಗೆ ತಾನೇ ಬೆಲೆ ತೆತ್ತಂತೆ.

2023ರಲ್ಲಿ ಮೇ 10ಕ್ಕೆ ಮತದಾನವಾಗಿ 13ಕ್ಕೆ ಎಣಿಕೆ ನಡೆದುದರಿಂದ ಮೂರೇ ದಿನಗಳ ತಳಮಳ. 2024ರ ಲೋಕಸಭಾ ಚುನಾವಣೆಯಲ್ಲಿ ಇಲ್ಲಿಯ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ನಡುವೆ 28 ದಿನಗಳು! ಕಡೆಯ ಹಂತ ಮುಗಿಯುವವರೆಗೆ ಮತಗಟ್ಟೆ ಸಮೀಕ್ಷೆಗಳನ್ನು ಪ್ರಕಟಿಸಲು ಕಾನೂನಿನ ಅಡ್ಡಿ. ತಿಂಗಳೊಪ್ಪತ್ತು ಪಿಸುಮಾತೇ ಪತ್ರಿಕೆ, ಪಿಸುಮಾತೇ ಪಂಚಾಂಗ.

ಬಬಲೇಶ್ವರದಿಂದ ಮರಳುವ ದಾರಿಯಲ್ಲಿ ಸಾರವಾಡ, ಡೋಣಿ ನದಿ, ಇಕ್ಕೆಲದಲ್ಲಿಯೂ ಎರೆಭೂಮಿ. ಎಣಿಕೆಯ ದಿನ ಈ ದಾರಿಯಲ್ಲಿ ಮೋಟಾರು ಸೈಕಲುಗಳೆಲ್ಲ ನಗರದ ಕಡೆಗೇ ಓಡುತ್ತವೆ. ಹೊಲದಲ್ಲಿ ಉಳಿದವನು ಒಂದೊಂದು ಸುತ್ತಿಗೂ ಮೊಬೈಲನ್ನು ಕಿವಿಗಿಡುತ್ತಾನೆ.

"ಎಷ್ಟನೇ ಸುತ್ತೋ?"

"ಎಂಟು ಮುಗೀತು. ನಮ್ಮ ಕಡಿ ಪೆಟಿಗಿ ಇನ್ನೂ ತೆಗದಿಲ್ಲ, ಅಣ್ಣಾ."