ಕೂಗಿ ಕರೆಯುವ ಬೇಟೆ

ಬೇಟೆಯನ್ನು ಕುರಿತು ನಾವು ಲೇಖನ ಬರೆಯುವೆವೆಂದು ನಮ್ಮ ಹಳೆಯ ಶಿಷ್ಯರಲ್ಲಿ ಯಾರೂ ಎಣಿಸಿರಲಾರರು. ಕಾಮದಿಂದ ಹುಟ್ಟುವ ಹತ್ತು ವ್ಯಸನಗಳನ್ನು ಹೇಳುವಾಗ ಮನುವು ಮೃಗಯೆಯನ್ನೇ ಮೊದಲು ಹೆಸರಿಸಿದ್ದಾನೆಂದು ಹುಡುಗರಿಗೆ ಪಾಠ ಹೇಳಿದವರು ನಾವು. ಶಾಕುಂತಲದ ಎರಡನೆಯ ಅಂಕದಲ್ಲಿ ಸೇನಾಪತಿಯು ಬೇಟೆಯ ಗುಣಗಳನ್ನು ಎಷ್ಟು ಹೊಗಳಿದರೂ ನಮ್ಮ ಒಲವೆಲ್ಲ ಮೈಕೈ ನೋವೆಂದು ಗೊಣಗುವ ವಿದೂಷಕನ ಕಡೆಗೇ ಇರುತ್ತಿತ್ತು. ಹೀಗಿದ್ದರೂ 2023ನೆಯ ಇಸವಿಯ ಜನವರಿಯಲ್ಲಿ, ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿ ನೆಲಸಿರುವ ಅಣ್ಣನ ಮಗನ ಮನೆಗೆ ಹೋಗಿದ್ದಾಗ, ಒಂದು ದಿನ ಬೆಳಗಿನ ಜಾವ ಬೇಟೆಗಾರರೊಡನೆ ಪೊದೆಯ ಮರೆಯಲ್ಲಿ ಕುಳಿತುಕೊಳ್ಳುವ ಪ್ರಸಂಗ ನಮಗೊದಗಿತು.

ಅಣ್ಣನ ಮಗನಿಗೆ ಹದಿಮೂರು ವರ್ಷದ ಒಬ್ಬ ಮಗನಿದ್ದಾನೆ. ಆಸ್ಟಿನ್ ನಗರದ ಪಶ್ಚಿಮಕ್ಕಿರುವ ಗುಡ್ಡಗಾಡಿನಲ್ಲಿ ಕುರಿ ಮೇಕೆಗಳನ್ನು ಸಾಕುವ ವೃದ್ಧರೊಬ್ಬರು ಆ ಮನೆಯವರಿಗೆ ಪರಿಚಿತರು. ಅವರ ಮರಿಗಳನ್ನು ಕಯೋಟಿ ಎಂಬ ಪ್ರಾಣಿಯು ಕದ್ದೊಯ್ಯುತ್ತಿತ್ತು. ಅದನ್ನು ಕೂಗಿ ಕರೆದು ಹೊಡೆಯುವ ವಿದ್ಯೆಯನ್ನು ಹುಡುಗನಿಗೆ ಕಲಿಸುವೆನೆಂದು ಅವರು ಮಾತು ಕೊಟ್ಟಿದ್ದರು. ಹುಡುಗನ ತಾಯಿಗೆ ಮನಸ್ಸಿರಲಿಲ್ಲ. ಗಂಡನೂ ಮಗನೂ ಒಂದಾದ ಮೇಲೆ ಅವಳು ನಮ್ಮ ಬಳಿಗೆ ಬಂದು, “ಮಾವ, ನೀವೂ ಜೊತೆಗೆ ಹೋಗಿಬನ್ನಿ. ನೀವಿದ್ದರೆ ಅವನು ಆತುರಪಡುವುದಿಲ್ಲ” ಎಂದಳು. ನಾವು ಒಪ್ಪಿದೆವು.

ಕಯೋಟಿಯು ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು; ಮಾಸಲು ಕಂದುಬಣ್ಣದ್ದು. ಮೆಕ್ಸಿಕೋ ದೇಶದ ಪ್ರಾಚೀನ ನಾವಾಟಲ್ ಭಾಷೆಯಿಂದ ಬಂದ ಹೆಸರು ಅದರದು. 1823ರಲ್ಲಿ ಥಾಮಸ್ ಸೇ ಎಂಬ ವಿದ್ವಾಂಸನು ಅದಕ್ಕೆ ‘ಬೊಗಳುವ ನಾಯಿ’ ಎಂಬರ್ಥದ ಲ್ಯಾಟಿನ್ ನಾಮಕರಣ ಮಾಡಿದನು. ಹಿಂದೆ ಪಶ್ಚಿಮದ ಬಯಲುಗಳಲ್ಲಿ ಮಾತ್ರ ಹೆಚ್ಚಾಗಿದ್ದ ಈ ಪ್ರಾಣಿ, ಮನುಷ್ಯರು ತೋಳಗಳನ್ನು ನಿರ್ಮೂಲಮಾಡಿದ ಮೇಲೆ ಆ ತೆರವನ್ನು ತುಂಬುತ್ತ ಹೋಗಿ, ಈಗ ಹವಾಯಿ ದ್ವೀಪಗಳನ್ನುಳಿದು ಅಮೆರಿಕದ ಎಲ್ಲ ಸಂಸ್ಥಾನಗಳಲ್ಲಿಯೂ ಉಂಟು. ವಿಷವಿಟ್ಟರೂ ಬಲೆಯೊಡ್ಡಿದರೂ ಗುಂಡು ಹಾರಿಸಿದರೂ ಅದರ ಸಂತತಿ ಅಳಿಯಲಿಲ್ಲ.

ಹೊರಡುವ ಮುನ್ನಾ ದಿನ ವೃದ್ಧರು ಪಾಠ ಹೇಳಿದರು. ಉಪಾಧ್ಯಾಯನಾಗಿದ್ದವನಿಗೆ ಇನ್ನೊಬ್ಬ ಉಪಾಧ್ಯಾಯನ ಗುಣ ತಿಳಿಯದೆ ಹೋಗುವುದಿಲ್ಲ, ಅವರು ಬಲ್ಲವರು. ಮೊದಲು ಅವರು ತೋರಿಸಿದ್ದು ಬಾಯಲ್ಲಿ ಊದುವ ಪೀಪಿ. ಅದರಲ್ಲಿ ಎರಡು ಬಗೆ. ನಾಲಗೆಯು ಒಳಗೆ ಮುಚ್ಚಿಕೊಂಡಿರುವುದು ಒಂದು. ಊದಿದರೆ ಸಾಕು, ಸ್ವರ ಬರುತ್ತದೆ, ಹೊಸಬರಿಗೆ ಇದೇ ಸುಲಭ. ನಾಲಗೆಯು ತೆರೆದಿರುವುದು ಇನ್ನೊಂದು. ಹಲ್ಲು ತುಟಿಗಳಿಂದ ಅದನ್ನೊತ್ತುವ ಸ್ಥಾನವನ್ನು ಬದಲಿಸಿದಂತೆ ಸ್ವರವೂ ಬದಲಾಗುತ್ತದೆ, ಕಯೋಟಿಯ ಊಳನ್ನೂ ಅದರಿಂದ ಹೊರಡಿಸಬಹುದು. ಇವುಗಳಿಂದ ಮುಖ್ಯವಾಗಿ ಅನುಕರಿಸುವುದು ಪ್ರಾಣಸಂಕಟದಲ್ಲಿರುವ ಮೊಲದ ಚೀತ್ಕಾರವನ್ನು. ಪ್ರಾರಂಭದಲ್ಲಿ ಮೆಲ್ಲಗೆ ಊದಬೇಕು. ಪ್ರಾಣಿಯು ಸಮೀಪದಲ್ಲಿಯೇ ಇದ್ದರೆ ದೊಡ್ಡ ಸದ್ದಿಗೆ ಬೆದರೀತು. ಬಳಿಕ ಸ್ವಲ್ಪ ಸ್ವಲ್ಪ ಏರಿಸಿ, ನಡುನಡುವೆ ನಿಲ್ಲಿಸಿ, ಹದಿನೈದು ಇಪ್ಪತ್ತು ನಿಮಿಷ ಒಂದೆಡೆ ಕಾದಿರಬೇಕು.

ಊದುವುದಕ್ಕಿಂತಲೂ ಗಾಳಿಯನ್ನು ತಿಳಿಯುವುದು ಹೆಚ್ಚಿನದು. ಕೂಗನ್ನು ಕೇಳಿದ ಕಯೋಟಿಯು ನೇರವಾಗಿ ಬರುವುದು ಕಡಮೆ. ಸುತ್ತಿಕೊಂಡು, ನಮ್ಮ ಮೇಲಿಂದ ಗಾಳಿ ಬೀಸಿ ಹೋಗುವ ಕಡೆಗೆ ಬಂದು, ಮೂಗಿನಿಂದ ಪರೀಕ್ಷಿಸುತ್ತದೆ. ಕಿವಿ ಮೋಸಹೋದರೂ ಮೂಗು ಮೋಸಹೋಗದು. ಆದುದರಿಂದ ಆ ಪಾರ್ಶ್ವವು ಬಯಲಾಗಿ ಕಾಣುವಂತೆ, ಸೂರ್ಯನು ಬೆನ್ನಿಗಿರುವಂತೆ, ದಿಣ್ಣೆಯ ನೆತ್ತಿಯಲ್ಲಿ ಆಕಾಶಕ್ಕೆದುರಾಗಿ ಕಾಣಿಸಿಕೊಳ್ಳದಂತೆ ಕುಳಿತು, ಕಲ್ಲಿನಂತೆ ನಿಶ್ಚಲವಾಗಿರಬೇಕು. ಇದೆಲ್ಲವನ್ನೂ ಹೇಳಿ, ಕಡೆಯಲ್ಲಿ ವೃದ್ಧರು ಹುಡುಗನ ಮುಖವನ್ನೇ ನೋಡುತ್ತ, “ಕೇಳಿಸಿತೆಂದು ಗುಂಡು ಹಾರಿಸಬೇಡ. ಅಲುಗಿತೆಂದೂ ಹಾರಿಸಬೇಡ. ಇಡೀ ಪ್ರಾಣಿಯನ್ನು ನೋಡು, ಅದರ ಹಿಂದೆ ಏನಿದೆಯೆಂದು ನೋಡು. ಅಲ್ಲಿಯವರೆಗೆ ಕುದುರೆಯ ಮೇಲೆ ಬೆರಳಿಡಕೂಡದು” ಎಂದರು. ಮೊಲದಂತೆ ಕೂಗುತ್ತ ಪೊದೆಯಲ್ಲಿ ಅಡಗಿರುವವನು ಮತ್ತೊಬ್ಬ ಬೇಟೆಗಾರನೂ ಆಗಿರಬಹುದಷ್ಟೆ.

ಮಾರನೆಯ ದಿನ ಕತ್ತಲೆಯಲ್ಲಿ ಕಾರಿನಲ್ಲಿ ಹೋಗುವಾಗ ನಾವು ಹುಡುಗನಿಗೆ ದಶರಥನ ಕಥೆಯನ್ನು ಹೇಳಿದೆವು. ಯುವರಾಜನಾಗಿದ್ದಾಗ ಅವನು ಶಬ್ದವೇಧಿಯೆಂದು ಪ್ರಸಿದ್ಧನಾಗಿದ್ದುದು, ಸರಯೂ ತೀರದ ಕತ್ತಲೆಯಲ್ಲಿ ಕೊಡ ತುಂಬುವ ಸದ್ದನ್ನು ಆನೆಯ ಸದ್ದೆಂದು ತಿಳಿದು ಬಾಣ ಬಿಟ್ಟದ್ದು, ಕುರುಡರಾದ ತಂದೆತಾಯಿಗಳಿಗೆ ನೀರು ತರಲು ಬಂದ ಮುನಿಕುಮಾರನು ಸತ್ತದ್ದು, ಎಲ್ಲವನ್ನೂ ಹೇಳಿದೆವು. ಟೆಕ್ಸಾಸಿನಲ್ಲಿ 1971ನೆಯ ಸೆಪ್ಟೆಂಬರ್ 2ರಂದು ಅಥವಾ ಆ ಬಳಿಕ ಹುಟ್ಟಿದವರು ಸಾಮಾನ್ಯವಾಗಿ ಬೇಟೆಯ ಶಿಕ್ಷಣವನ್ನು ಪಡೆದಿರಬೇಕೆಂಬ ನಿಯಮವುಂಟು. ಹುಡುಗನು ಅದನ್ನು ಆಗತಾನೆ ಮುಗಿಸಿದ್ದನು. “ಚಿಕ್ಕತಾತ, ದಶರಥನಿಗೆ ಈ ಪಾಠ ಆಗಿರಲಿಲ್ಲವೆ?” ಎಂದು ಕೇಳಿದನು. “ಬಿಲ್ಲಿನ ಪಾಠ ಬೇಕಾದುದಕ್ಕಿಂತ ಹೆಚ್ಚಾಗಿಯೇ ಆಗಿತ್ತಪ್ಪ” ಎಂದೆವು.

ಮೊದಲೆರಡು ಕಡೆ ಏನೂ ಬರಲಿಲ್ಲ. ಚಳಿಗೆ ನಮ್ಮ ಮೊಣಕಾಲುಗಳು ಮರಗಟ್ಟಿದುವು. ಶಾಕುಂತಲದ ವಿದೂಷಕನ ನೆನಪಾಯಿತು. ಮೂರನೆಯ ಕಡೆ ವೃದ್ಧರು ಮೊಲದ ಕೂಗನ್ನು ಬಿಟ್ಟು, ತಾಯಿಯನ್ನು ಅಗಲಿದ ಮೇಕೆಮರಿಯ ಕೂಗನ್ನು ಊದಿದರು. ಅದು ಕೃತಕವೆಂದು ಬಲ್ಲ ನಮಗೂ ಎದ್ದು ಹೋಗಿ ನೋಡಬೇಕೆನ್ನಿಸಿತು. ಸುಮಾರು ಹತ್ತು ನಿಮಿಷಗಳಾದ ಮೇಲೆ, ಗಾಳಿ ಹೋಗುವ ಕಡೆಯಲ್ಲಿ, ಜುನಿಪರ್ ಪೊದೆಗಳ ಸಂದಿನಲ್ಲಿ ಕಂದುಬಣ್ಣದ್ದೇನೋ ಸರಿದಾಡಿತು. ಹುಡುಗನು ಬಂದೂಕನ್ನು ಮೆಲ್ಲನೆ ಎತ್ತಿದನು. ಬೆನ್ನು ಒಂದು ಗೇಣಿನಷ್ಟು ಕಂಡಿತು, ಮರೆಯಾಯಿತು, ಮತ್ತೆ ಕಂಡಿತು. ನಮ್ಮ ಎದೆ ಬಡಿದುಕೊಳ್ಳುತ್ತಿತ್ತು. ಮಾತಾಡುವ ಹಾಗಿಲ್ಲ. ಹುಡುಗನ ಬೆರಳು ಕುದುರೆಯ ಹೊರಗೇ ನೆಟ್ಟಗಿತ್ತು.

ಪೊದೆಯಿಂದ ಹೊರಗೆ ಬಂದದ್ದು ಕಯೋಟಿಯಲ್ಲ. ವೃದ್ಧರ ಹಿಂಡನ್ನು ಕಾಯುವ ಅನಟೋಲಿಯಾ ಜಾತಿಯ ನಾಯಿ! ಎರಡು ದಿಣ್ಣೆಗಳಾಚೆ ಹಿಂಡಿನೊಡನೆ ಇರಬೇಕಾದ ಅದು, ಮರಿಯೊಂದು ಸಂಕಟದಲ್ಲಿದೆಯೆಂದು ನಂಬಿ ಓಡಿಬಂದಿತ್ತು. ಬಯಲಿನಲ್ಲಿ ನಿಂತು ಅತ್ತಿತ್ತ ಮರಿಯನ್ನು ಹುಡುಕುತ್ತಿತ್ತು. ಹುಡುಗನು ಬಂದೂಕನ್ನು ಇಳಿಸಿದನು. ಅವನ ಕೈ ನಡುಗಿದ್ದು ಆಮೇಲೆ. ವೃದ್ಧರ ಮುಖ ಬಿಳುಪೇರಿತ್ತು. ಬಹಳ ಹೊತ್ತಿನ ಮೇಲೆ, “ತಪ್ಪು ನನ್ನದು. ನಾಯಿ ಕಾಯುವ ನೆಲದಲ್ಲಿ ಆ ಕೂಗನ್ನು ನಾನು ಊದಬಾರದಾಗಿತ್ತು” ಎಂದು ಹೇಳಿ, ಹುಡುಗನ ಕೈಹಿಡಿದು ಕುಲುಕಿದರು. ಅಂದಿನ ಬೇಟೆ ಅಲ್ಲಿಗೆ ಮುಗಿಯಿತು.

ಹಿಂದಿರುಗುವಾಗ ನಮಗೆ ಮಾರೀಚನ ಕೂಗು ನೆನಪಾಯಿತು. ರಾಮನ ಧ್ವನಿಯನ್ನು ಅನುಕರಿಸಿದ ಆ ಸುಳ್ಳು ಕೂಗು ಕಾವಲಿದ್ದ ಲಕ್ಷ್ಮಣನನ್ನು ಪರ್ಣಶಾಲೆಯಿಂದ ಹೊರಡಿಸಿತಲ್ಲವೆ? ಆರ್ತಸ್ವರವು ಕಳ್ಳನನ್ನು ಕರೆಯುವಂತೆ ರಕ್ಷಕನನ್ನೂ ಕರೆಯುತ್ತದೆ. ಹಸಿದವನು ಬರುವಂತೆ ಮರುಗುವವನೂ ಬರುತ್ತಾನೆ. ಕರೆಯುವುದನ್ನು ಕಲಿಯಲು ಒಂದು ವಾರ ಸಾಕು. ಆದರೆ ಕರೆದವನು ಬಂದವರಾರೆಂದು ನೋಡುವ ಹೊಣೆಯನ್ನೂ ಹೊತ್ತುಕೊಳ್ಳಬೇಕು. ಮರಿಗಳನ್ನು ಕಳೆದುಕೊಂಡ ವೃದ್ಧರನ್ನು ನಾವು ನಿಂದಿಸಲಾರೆವು; ಬೇಟೆಯ ವಿಷಯದಲ್ಲಿ ನಮ್ಮ ಅಭಿಪ್ರಾಯ ಬದಲಾಯಿತೆಂದೂ ಹೇಳಲಾರೆವು.

ಮನೆಯಲ್ಲಿ ತಾಯಿಯು, “ಏನು ಸಿಕ್ಕಿತು?” ಎಂದು ಕೇಳಿದುದಕ್ಕೆ ಹುಡುಗನು, “ಏನೂ ಇಲ್ಲಮ್ಮ” ಎಂದನು. ಆ ರಾತ್ರಿ ಪಕ್ಕದ ಕೋಣೆಯಲ್ಲಿ ಅವನು ಅವಳಿಗೆ ದಶರಥನ ಕಥೆಯನ್ನು ಹೇಳುತ್ತಿದ್ದುದು ನಮಗೆ ಕೇಳಿಸಿತು. ಕೊಡ ತುಂಬುವ ಸದ್ದಿಗೆ ರಾಜಕುಮಾರನು ಬಿಲ್ಲೆತ್ತಿದ ಸ್ಥಳಕ್ಕೆ ಬಂದಾಗ, ಅವನು ಸ್ವಲ್ಪ ಹೊತ್ತು ಸುಮ್ಮನಾದನು.